ದಾರಿ ಬಿಟ್ಟವರಿಗೆ ದರ ಕೇಳುವ ಹಕ್ಕಿಲ್ಲವೇ?

ಈ ದೇಶದ ಜನತೆ ಆಂಬುಲೆನ್ಸಿಗೆ ನೀಡಿರುವ ರಿಯಾಯಿತಿಗಳು ಅಲ್ಪವೇನಲ್ಲ. ಅದಕ್ಕೆ ದಾರಿ ಬಿಡದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ 10,000 ರೂ. ದಂಡ ಅಥವಾ ಆರು ತಿಂಗಳವರೆಗಿನ ಜೈಲುವಾಸ ಕಾದಿದೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಅದು ಟೋಲ್ ಕಟ್ಟಬೇಕಿಲ್ಲ. ರೋಗಿಯ ಸಾಗಾಟಕ್ಕೆ ಜಿಎಸ್‌ಟಿಯೂ ಇಲ್ಲ. ಇಷ್ಟೆಲ್ಲವನ್ನು ಸಮಾಜ ಬಿಟ್ಟುಕೊಟ್ಟಿರುವುದು ಅದರೊಳಗೊಂದು ಜೀವವಿದೆ ಎಂಬ ಒಂದೇ ಕಾರಣಕ್ಕೆ. ಆದರೆ ಆ ಜೀವದ ಬಂಧುಗಳು ಬಾಡಿಗೆ ಎಷ್ಟೆಂದು ಕೇಳಿದರೆ ಸಿಗುವ ಉತ್ತರಕ್ಕೆ ಮೀಟರೂ ಇಲ್ಲ, ರಶೀದಿಯೂ ಇಲ್ಲ.

2023ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಜಲ್‌ಪಾಯ್‌ಗುರಿಯಲ್ಲಿ ಬಡವನೊಬ್ಬ ತಾಯಿಯ ಮೃತದೇಹವನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಯಿಂದ ಹೊರಟ. ಆಂಬುಲೆನ್ಸಿನವರು ಕೇಳಿದ 3,000 ರೂ. ಅವನಲ್ಲಿರಲಿಲ್ಲ. ಕೆಲ ದಿನ ಮರುಗಿದ ನಾವು ಅದನ್ನು ಮರೆತೆವು. ವ್ಯವಸ್ಥೆ ನೆಚ್ಚಿಕೊಂಡಿರುವುದು ಈ ಮರೆವನ್ನೇ.

ಕರ್ನಾಟಕದಲ್ಲಿ 2008ರ ನವೆಂಬರ್‌ನಲ್ಲಿ ಆರಂಭವಾದ 108 ಆರೋಗ್ಯ ಕವಚ ಉಚಿತವಾಗಿದೆ. ಅದರಿಂದ ಉಳಿದ ಜೀವಗಳನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರ ಮುಖ್ಯ ಹೊಣೆ ರೋಗಿಯನ್ನು ಹತ್ತಿರದ ಆಸ್ಪತ್ರೆಗೆ ಮುಟ್ಟಿಸುವುದು. ಅಲ್ಲಿ ವೈದ್ಯರು 'ದೊಡ್ಡಾಸ್ಪತ್ರೆಗೆ ಕೊಂಡೊಯ್ಯಿರಿ' ಎಂದು ಚೀಟಿ ಬರೆದುಕೊಟ್ಟಾಗ, ಮಧ್ಯರಾತ್ರಿ ಗೇಟಿನೆದುರು ನಿಂತಿರುವ ಖಾಸಗಿ ವಾಹನವೇ ಹಲವರಿಗೆ ಗತಿ. ಉಸಿರು ಎಳೆಯುತ್ತಿರುವ ತಂದೆಯನ್ನು ಸ್ಟ್ರೆಚರ್‌ನಲ್ಲಿ ಮಲಗಿಸಿ ಚೌಕಾಸಿ ಮಾಡುವ ಮಗ ಯಾರಿದ್ದಾನೆ? ಅವನು ತೆರುವುದು ಬಾಡಿಗೆಯಲ್ಲ, ಭಯದ ಬೆಲೆ.

ಡೀಸೆಲ್, ಆಮ್ಲಜನಕ, ಖಾಲಿ ಮರಳುವ ದಾರಿ, ಬ್ಯಾಂಕಿನ ಕಂತು ಎಂದು ಮಾಲಕರು ಲೆಕ್ಕ ಒಪ್ಪಿಸುತ್ತಾರೆ. ಆ ಲೆಕ್ಕ ಸುಳ್ಳಲ್ಲ. ರಾತ್ರಿಯಿಡೀ ಎಚ್ಚರವಿರುವ ಚಾಲಕನಿಗೂ ಸಂಸಾರವಿದೆ. ಹಾಗಾದರೆ ಅದೆಲ್ಲವನ್ನೂ ಸೇರಿಸಿಯೇ ದರ ನಿಗದಿಯಾಗಲಿ. ನ್ಯಾಯವಾದ ದರಕ್ಕೆ ಬೆಳಕಿನ ಭಯವೇಕೆ?

ಸಾಧ್ಯವಿಲ್ಲ ಎಂಬ ನೆಪವೂ ನಿಲ್ಲದು. ಕೊರೋನಾ ಕಾಲದಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ, ಆಂಬುಲೆನ್ಸ್‌ಗಳಿಗೆ ಸಮಂಜಸ ದರ ನಿಗದಿಪಡಿಸುವಂತೆ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿತು. 2021ರ ಮೇಯಲ್ಲಿ ದೆಹಲಿ ಸರಕಾರವು ಮೊದಲ 10 ಕಿ.ಮೀ.ಗೆ ಸಾಮಾನ್ಯ ವಾಹನಕ್ಕೆ 1,500, ಪ್ರಾಥಮಿಕ ಜೀವರಕ್ಷಕ ಸೌಲಭ್ಯವುಳ್ಳದ್ದಕ್ಕೆ 2,000, ಸುಧಾರಿತ ಸೌಲಭ್ಯವುಳ್ಳದ್ದಕ್ಕೆ 4,000 ರೂ. ಮಿತಿ ಹೇರಿತು. ಮಹಾಮಾರಿಯ ನಡುವೆ ಸಾಧ್ಯವಾದದ್ದು ಶಾಂತ ದಿನಗಳಲ್ಲಿ ಅಸಾಧ್ಯವೇ?

ನಮ್ಮ ಊರುಗಳಲ್ಲಿ ಜಮಾಅತ್‌ಗಳೂ ಯುವಕ ಸಂಘಗಳೂ ಚಂದಾ ಎತ್ತಿ ಆಂಬುಲೆನ್ಸ್ ಓಡಿಸುವುದು ಶ್ಲಾಘನೀಯ. ಆದರೆ ದಾನವು ಹಕ್ಕಿಗೆ ಪರ್ಯಾಯವಲ್ಲ. ಒಂದು ವಾಹನ ಕೊಂಡು ಪುಣ್ಯ ಗಳಿಸಿದ ತೃಪ್ತಿಯಲ್ಲಿ ಸರಕಾರವನ್ನು ಪ್ರಶ್ನಿಸುವ ಹೊಣೆಯಿಂದ ನಾವು ಜಾರಿಕೊಳ್ಳುವಂತಿಲ್ಲ. ತುರ್ತು ಚಿಕಿತ್ಸೆಯು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆಸ್ಪತ್ರೆಯ ಬಾಗಿಲು ಮುಟ್ಟಲಾಗದವನಿಗೆ ಆ ಹಕ್ಕು ಯಾವ ಪ್ರಯೋಜನಕ್ಕೆ?

ಬೇಡಿಕೆ ದೊಡ್ಡದೇನಲ್ಲ. ಪ್ರತಿ ಆಸ್ಪತ್ರೆಯ ಗೇಟಿನಲ್ಲಿ ಕನ್ನಡದ ದರಪಟ್ಟಿ ಇರಲಿ. ಓಡಿದ ಕಿಲೋಮೀಟರು, ಬಳಸಿದ ಆಮ್ಲಜನಕ ನಮೂದಿಸಿದ ರಶೀದಿ ಸಿಗಲಿ. ಹೆಚ್ಚು ಕಿತ್ತವರ ಪರವಾನಿಗೆ ರದ್ದಾಗಲಿ. ಮುಂದಿನ ಬಾರಿ ಮತ ಕೇಳಿ ಮನೆಗೆ ಬರುವವರ ಮುಂದೆ ಇದನ್ನಿಡೋಣ. ರಸ್ತೆಯಲ್ಲಿ ದಾರಿ ಬಿಟ್ಟವರು ನಾವು. ಲೆಕ್ಕ ಕೇಳುವ ಅಧಿಕಾರವೂ ನಮ್ಮದೇ.