ಮೇಸ್ತ್ರಿಗೆ ಮುಂಗಡ ಕೊಡುವ ಮುನ್ನ

ಮಳೆಗಾಲ ಹತ್ತಿರ ಬಂತೆಂದರೆ ತಾರಸಿ ಸೋರುವ ಮನೆಯವರಿಗೆ ಅವಸರ. ಬಾಗಿಲಿಗೆ ಬಂದವರು ‘ಪಕ್ಕದ ಬೀದೀಲೇ ಕೆಲಸ ಮಾಡಿದ್ದೀವಿ, ಅರ್ಧ ದುಡ್ಡು ಕೊಡಿ, ನಾಳೆಯಿಂದಲೇ ಶುರು’ ಎಂದರೆ ತಕ್ಷಣ ಹೂಂ ಎನ್ನಬೇಡಿ. ಆ ಪಕ್ಕದ ಬೀದಿಗೆ ಹೋಗಿ ಬನ್ನಿ. ಅವರು ರಿಪೇರಿ ಮಾಡಿದ ತಾರಸಿ ಒಂದು ಮಳೆಗಾಲವನ್ನಾದರೂ ಕಂಡಿದೆಯೇ, ಮನೆಯವರನ್ನೇ ಕೇಳಿ.

ಬರೀ ಕೂಲಿಯೋ, ಸಾಮಾನೂ ಸೇರಿದೆಯೋ, ಎಷ್ಟು ಚದರಡಿ, ಎಷ್ಟು ದಿನ ಎಲ್ಲವನ್ನೂ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಒಡೆದ ಗಾರೆ ಸಾಗಿಸುವವರು ಯಾರು ಎಂಬುದನ್ನೂ ಬರೆಯಿರಿ. ಜಗಳ ಅಲ್ಲೇ ಹುಟ್ಟುವುದು! ಸಿಮೆಂಟ್ ಮೂಟೆಯ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದು ಬೇಡ.

ಹಣವನ್ನು ಕೆಲಸ ನಡೆದಂತೆ ಕಂತಿನಲ್ಲಿ ಕೊಡಿ. ಕೊನೆಯ ಕಂತು ಪರೀಕ್ಷೆಯ ನಂತರ: ನೀರು ಹೋಗುವ ಕೊಳವೆಯ ಬಾಯಿ ಮುಚ್ಚಿ, ತಾರಸಿಯಲ್ಲಿ ಒಂದೆರಡು ಅಂಗುಲ ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನಿಂದ ನೋಡಿ. 48 ಗಂಟೆಯಾದರೆ ಇನ್ನೂ ಒಳ್ಳೆಯದು. ಒದ್ದೆ ಕಲೆ ಹುಡುಕಲು ಮಕ್ಕಳಿಗೆ ಹೇಳಿ, ಅವರ ಕಣ್ಣು ಚುರುಕು. ನೀರು ನಿಂತ ತಾರಸಿಗೆ ಮಾತ್ರ ಹತ್ತಲು ಬಿಡಬೇಡಿ.

ಹಣ ಪಡೆದು ಕೆಲಸ ಅರ್ಧಕ್ಕೆ ಬಿಟ್ಟುಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಸಹಿ ಮಾಡಿದ ಹಾಳೆ, ರಸೀದಿ ಆಗ ಕೈಯಲ್ಲಿರಲಿ.