ಮಾತಿನ ಮರ್ಮ: ನೂಲುವುದು ಬೇರೆ, ಬಿಚ್ಚುವುದು ಬೇರೆ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಕಡೆಯ ವಿದ್ಯಾರ್ಥಿಗೆ ‘ನಮ್ಮೂರಿನ ಕಸುಬು’ ಎಂಬ ವಿಷಯವಾಗಿ ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಬರೆಯೆಂದರೆ ರೇಷ್ಮೆಯ ಮಾತು ಬಾರದೆ ಇರದು. ತೊಡಕು ಅಲ್ಲಿಂದಲೇ ಆರಂಭ.

‘ನಮ್ಮ ತಂದೆಯವರು ರೇಷ್ಮೆ ಬೆಳೆಯುತ್ತಾರೆ’ ಎಂಬುದು ಅಚ್ಚುಕಟ್ಟಾದ ಕನ್ನಡ. ಅದನ್ನೇ ‘ಗ್ರೋ’ ಎಂಬ ಕ್ರಿಯಾಪದದಿಂದ ತಿರುಗಿಸಿದರೆ, ರೇಷ್ಮೆಯು ರಾಗಿಯಂತೆ ಹೊಲದಲ್ಲಿ ಮೊಳೆತು ಬಂದಂತೆ ಇಂಗ್ಲಿಷರ ಕಿವಿಗೆ ಕೇಳಿಸೀತು. ‘ಗ್ರೋ’ ಸಲ್ಲುವುದು ಹಿಪ್ಪುನೇರಳೆಗೆ. ಹುಳುವಿಗೆ ಸಲ್ಲುವುದು ‘ರಿಯರ್’. ಹಾಗಾದರೆ ‘ಬ್ರೀಡ್’ ಎಂದರೂ ಸಾಕುವುದೇ ಅಲ್ಲವೆ? ಅಲ್ಲ. ಪತಂಗಗಳನ್ನು ಜೊತೆಗೂಡಿಸಿ, ಮೊಟ್ಟೆ ಪಡೆದು, ತಳಿಯನ್ನು ಮುಂದುವರಿಸುವವನದು ‘ಬ್ರೀಡ್’. ಮೊಟ್ಟೆಯೊಡೆದ ಹುಳುವಿಗೆ ಸೊಪ್ಪು ಹಾಕಿ, ನಾಲ್ಕು ಜ್ವರ ದಾಟಿಸಿ, ಹಣ್ಣಾದೊಡನೆ ಚಂದ್ರಿಕೆಗೆ ಬಿಡುವ ರೈತನದು ‘ರಿಯರ್’.

ಚಂದ್ರಿಕೆಯಲ್ಲಿ ಹುಳು ಗೂಡು ಕಟ್ಟುತ್ತದೆ. ಕಟ್ಟುವುದೆಂದು ಇಲ್ಲಿ ‘ಬಿಲ್ಡ್’ ಬಳಸುವ ವಾಡಿಕೆಯಿಲ್ಲ, ‘ಸ್ಪಿನ್’ ಎನ್ನಬೇಕು. ತನ್ನೊಡಲಿನಿಂದ ಎಳೆ ತೆಗೆಯುವ ಜೇಡಕ್ಕೂ ಅದೇ ಪದ.

ಇದನ್ನು ಕಲಿತವನು ಮುಂದಿನ ಹೆಜ್ಜೆಯಲ್ಲಿ ಎಡವುವುದುಂಟು. ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ಕೊಂಡ ಗೂಡನ್ನು ನೂಲಾಗಿಸುವವನೂ ‘ಸ್ಪಿನ್’ ಮಾಡುತ್ತಾನೆಂದು ಬರೆದುಬಿಡುತ್ತಾನೆ. ಆದರೆ ಆ ಕಸುಬಿನವನನ್ನು ಊರೆಲ್ಲ ‘ರೀಲರ್’ ಎಂದೇ ಕರೆಯುತ್ತದೆಯಷ್ಟೆ! ಬಿಸಿನೀರಿನಲ್ಲಿ ಬೆಂದ ಹಲವು ಗೂಡುಗಳ ಎಳೆಗಳನ್ನು ಒಟ್ಟುಗೂಡಿಸಿ, ಹುಳು ಸುತ್ತಿದುದನ್ನು ಕಡಿಯದಂತೆ ಬಿಚ್ಚಿ ತೆಗೆಯುವುದು ‘ರೀಲ್’. ತುಂಡು ತುಂಡಾದ ನಾರನ್ನು ಹಿಂಜಿ, ಎಳೆದು, ಹುರಿಗೊಳಿಸುವುದು ‘ಸ್ಪಿನ್’. ಚರಕವೆಂಬ ಹೆಸರು ಎರಡಕ್ಕೂ ಇರುವುದರಿಂದ ಗೊಂದಲ ಹೆಚ್ಚುತ್ತದೆ. 1927ರಲ್ಲಿಯೂ 1936ರಲ್ಲಿಯೂ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದ ಗಾಂಧೀಜಿಯವರ ಚರಕ ಹತ್ತಿಯನ್ನು ನೂಲುವಂಥದು. ಶಿಡ್ಲಘಟ್ಟದ ಚರಕ ರೇಷ್ಮೆಯನ್ನು ಬಿಚ್ಚುವಂಥದು.

ಇದು ಬರಿಯ ವ್ಯಾಕರಣದ ಮಾತಲ್ಲ, ಹಣದ ಮಾತೂ ಹೌದು. ಪತಂಗವು ಹೊರಬಂದ ಗೂಡಿನಲ್ಲಿ ಎಳೆ ಅಖಂಡವಾಗಿ ದೊರೆಯದು. ಅಂಥ ಗೂಡನ್ನೂ ಬಿಚ್ಚುವಾಗ ಉಳಿದ ಕಚ್ಚಾ ಚೂರನ್ನೂ ನೂತರೆ ಬರುವುದು ‘ಸ್ಪನ್ ಸಿಲ್ಕ್’. ಅದಕ್ಕೂ ಅದರದೇ ಉಪಯೋಗವುಂಟು. ಆದರೆ ಅಖಂಡ ಎಳೆಯ ನೂಲಿನ ಹೊಳಪೂ ಇಲ್ಲ, ಬೆಲೆಯೂ ಇಲ್ಲ. ದೂರದ ವರ್ತಕನಿಗೆ ಕಾಗದ ಬರೆಯುವ ರೀಲರಿನ ಮಗನು, ತನ್ನ ಮನೆಯ ಮಾಲು ‘ಸ್ಪನ್’ ಎಂದು ಬರೆದರೆ, ತಂದೆಯ ದುಡಿಮೆಯ ಬೆಲೆಯನ್ನು ತಾನೇ ಇಳಿಸಿದಂತಾಯಿತು.

ನೂಲು ಬಿಚ್ಚಿದ ಮೇಲೆ ಹುರಿ ಹಾಕುವ ಕೆಲಸ. ಇದಕ್ಕೆ ‘ಟ್ವಿಸ್ಟ್’ ಎಂಬ ಪದವಿರುವಂತೆ ‘ಥ್ರೋ’ ಎಂಬುದೂ ಇದೆ. ‘ಥ್ರೋನ್ ಸಿಲ್ಕ್’ ಎಂದರೆ ಎಸೆದ ರೇಷ್ಮೆಯೆಂದು ಬಗೆಯಬಾರದು. ಹುರಿ ಹಾಕಿದ ರೇಷ್ಮೆ. ‘ಥ್ರೋ’ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ತಿರುಚುವುದೆಂಬ ಅರ್ಥವೇ ಇದ್ದಿತು. ಎಸೆಯುವ ಅರ್ಥ ಆಮೇಲೆ ಬಂದುದು. ಹಳೆಯ ಅರ್ಥವು ರೇಷ್ಮೆಯ ಕಸುಬಿನಲ್ಲಿ ಉಳಿದುಕೊಂಡಿದೆ. ಕೊನೆಯದಾದ ‘ವೀವ್’, ಅಂದರೆ ನೇಯುವುದು, ಯಾರನ್ನೂ ಕಾಡದು.

ಇಷ್ಟು ಕ್ರಿಯಾಪದಗಳನ್ನು ಕಂಡು ಕನ್ನಡ ಬಡವೆಂದು ಯಾರೂ ತಿಳಿಯಬೇಕಾಗಿಲ್ಲ. ‘ರೀಲ್’ ಎಂಬ ಪದದ ಕಣ್ಣು ನೂಲು ಸುತ್ತಿಕೊಳ್ಳುವ ರಾಟೆಯ ಮೇಲಿದೆ. ‘ಬಿಚ್ಚು’ ಎಂಬುದರ ಕಣ್ಣು ಬೆರಳ ತುದಿಯ ಗೂಡಿನ ಮೇಲಿದೆ. ಕೆಲಸ ಒಂದೇ, ನೋಡುವ ಕಡೆ ಎರಡು. ಆದುದರಿಂದ ಭಾಷಾಂತರಕ್ಕೆ ಕುಳಿತವರು ನಿಘಂಟನ್ನು ತೆರೆಯುವ ಮೊದಲು, ಕೈ ಏನು ಮಾಡುತ್ತಿದೆಯೆಂದು ಒಮ್ಮೆ ನೋಡುವುದು ಲೇಸು.