ಮರಿಯಾದರೆ ಸಾಕೇ?

ಅಕ್ವೇರಿಯಂ ಸಾಕುವವರ ನಡುವೆ ಒಂದು ಮಾತಿಗೆ ಎದುರಾಡುವವರೇ ಇಲ್ಲ: ಮೀನು ಮರಿ ಮಾಡಿತೆಂದರೆ ಅದಕ್ಕೆ ತೊಟ್ಟಿ ಒಗ್ಗಿದೆ, ಸಾಕಿದವನು ಗೆದ್ದಿದ್ದಾನೆ. ಮೃಗಾಲಯಗಳಲ್ಲೂ ಇದೇ ನಂಬಿಕೆ. ಹುಲಿ ಮರಿ ಹಾಕಿದ ಸುದ್ದಿ ಫೋಟೊ ಸಮೇತ ಪತ್ರಿಕೆಗೆ ಬರುತ್ತದೆ, ಅದರ ಹಿಂದಿನ ನೂರು ದಿನ ಆ ಹುಲಿ ಹೇಗಿತ್ತೆಂದು ಯಾರೂ ಕೇಳುವುದಿಲ್ಲ. ಮಾತು ಬಾರದ ಜೀವಿಯ ಸುಖವನ್ನು ಅಳೆಯುವುದು ಕಷ್ಟ. ಸಂತಾನವನ್ನಾದರೆ ಎಣಿಸಬಹುದು. ಹಾಗಾಗಿ ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೇವೆ. ಈ ಕೋಲು ಎಷ್ಟು ನೆಟ್ಟಗಿದೆ ಎಂದು ನೋಡಬೇಕಿದ್ದರೆ ಡ್ವಾರ್ಫ್ ಸಿಕ್ಲಿಡ್‌ಗಳನ್ನು ಗಮನಿಸಬೇಕು.

ಸಿಕ್ಲಿಡ್ ಬಹಳ ದೊಡ್ಡ ಕುಟುಂಬ. ಅದರಲ್ಲಿ ಹತ್ತಿರ ಹತ್ತಿರ 10 ಸೆಂ.ಮೀ. ಒಳಗೇ ಬೆಳವಣಿಗೆ ಮುಗಿಸುವ ಜಾತಿಗಳನ್ನು ಡ್ವಾರ್ಫ್ ಎಂದು ಕರೆಯುತ್ತಾರೆ. ವೆನೆಜುವೆಲಾ ಮತ್ತು ಕೊಲಂಬಿಯಾದ ಬಯಲುಗಳ ಬೆಚ್ಚನೆಯ ನೀರಿನಿಂದ ಬಂದ ರಾಮಿರೇಜಿ (ಅಂಗಡಿಯವರ ಬಾಯಲ್ಲಿ ‘ರಾಮ್’), ದಕ್ಷಿಣ ಅಮೆರಿಕದ ಎಲೆ ಕೊಳೆತ ತೊರೆಗಳ ಅಪಿಸ್ಟೊಗ್ರಾಮಾ, ನೈಜೀರಿಯಾ ಮತ್ತು ಕ್ಯಾಮರೂನ್‌ಗಳ ಕ್ರಿಬೆನ್ಸಿಸ್, ಟ್ಯಾಂಗನ್ಯಿಕಾ ಸರೋವರದ ತಳದಲ್ಲಿ ಬಸವನಹುಳುವಿನ ಖಾಲಿ ಚಿಪ್ಪುಗಳನ್ನೇ ಮನೆ ಮಾಡಿಕೊಂಡ ಪುಟ್ಟ ಮೀನುಗಳು ಎಲ್ಲವೂ ಈ ಗುಂಪಿನವೇ. ನಮ್ಮಲ್ಲೂ ಒಂದಿದೆ. ಕರಾವಳಿಯ ಹಿನ್ನೀರಿನ ಆರೆಂಜ್ ಕ್ರೊಮೈಡ್ 8 ಸೆಂ.ಮೀ. ದಾಟುವುದು ಅಪರೂಪ. ಭಾರತಕ್ಕೆ ದೇಸಿ ಸಿಕ್ಲಿಡ್‌ಗಳು ಮೂರೇ: ಇದೊಂದು, ಕೇರಳದವರು ಕರಿಮೀನು ಎನ್ನುವುದು ಇನ್ನೊಂದು, ದಕ್ಷಿಣ ಕನ್ನಡದ ಹೊಳೆಗಳಲ್ಲಿರುವ, 1877ರಲ್ಲಿ ಫ್ರಾನ್ಸಿಸ್ ಡೇ ವಿವರಿಸಿದ ಎಟ್ರೊಪ್ಲಸ್ ಕೆನರೆನ್ಸಿಸ್ ಮೂರನೆಯದು.

ಈ ಮೀನುಗಳನ್ನು ಜನ ಇಷ್ಟಪಡುವುದಕ್ಕೆ ಬಣ್ಣ ಅರ್ಧ ಕಾರಣವಾದರೆ ತಾಯ್ತಂದೆತನ ಇನ್ನರ್ಧ. ಎಷ್ಟೋ ಮೀನುಗಳು ಮೊಟ್ಟೆ ಉದುರಿಸಿ ಮುಂದೆ ಹೋಗಿಬಿಡುತ್ತವೆ. ಸಿಕ್ಲಿಡ್ ನಿಂತು ಕಾಯುತ್ತದೆ. ರಾಮ್ ಜೋಡಿ ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆಯಿಟ್ಟು ಸರದಿಯಂತೆ ರೆಕ್ಕೆ ಬೀಸುತ್ತದೆ. ಅಪಿಸ್ಟೊಗ್ರಾಮಾ ಹೆಣ್ಣು ಗುಹೆಯ ಚಾವಣಿಗೆ ಮೊಟ್ಟೆ ಅಂಟಿಸಿ, ಮೈಯೆಲ್ಲ ಅಚ್ಚ ಹಳದಿಯಾಗಿ, ಕಪ್ಪು ಗುರುತು ಹೊತ್ತು ಬಾಗಿಲಲ್ಲಿ ನಿಲ್ಲುತ್ತದೆ. ಆರೆಂಜ್ ಕ್ರೊಮೈಡ್‌ನ ಮರಿಗಳು ಹೆತ್ತವರ ಮೈಮೇಲಿನ ಲೋಳೆಯನ್ನೇ ಮೇಯ್ದು ಬೆಳೆಯುತ್ತವೆ. ಇದನ್ನೆಲ್ಲ ಕಂಡವರಿಗೆ ಈ ಮೀನು ಸುಖವಾಗಿದೆ ಎನ್ನಿಸದೆ ಇರುವುದಿಲ್ಲ.

ಆ ಅನ್ನಿಸಿಕೆಯಲ್ಲಿ ಹುರುಳಿಲ್ಲವೆಂದಲ್ಲ. ರಾಮ್‌ಗೆ 27ರಿಂದ 30 ಡಿಗ್ರಿ ಶಾಖದ ಮೆದು ನೀರು ಬೇಕು. ಬೆಂಗಳೂರಿನ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಚಳಿಗಾಲದ ರಾತ್ರಿ ತಣ್ಣಗೂ ಹೌದು. ಆ ನೀರಿಗೆ ಆರ್‌ಒ ನೀರು ಬೆರೆಸಿ, ಹೀಟರ್ ಹಾಕಿ, ಕಾಡುಬಾದಾಮಿಯ ಒಣಗಿದೆಲೆ ನೆನೆಸಿ ಚಹಾ ಬಣ್ಣ ಬರಿಸಿದವರ ತೊಟ್ಟಿಯಲ್ಲಿ ಮೊಟ್ಟೆಗಳು ಬಿಳಿಚಿ ಬೂಸು ಹಿಡಿಯದೆ ಒಡೆದು ಮರಿಯಾದರೆ, ಅದು ನೀರಿನ ಬಗ್ಗೆ ಖಚಿತವಾಗಿ ಏನನ್ನೋ ಹೇಳುತ್ತದೆ. ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರ್‌ನಲ್ಲಿ ನೆಲೆಯಾಗಿವೆ ಎನ್ನುವುದಕ್ಕೂ ಅದು ಸಾಕ್ಷಿಯೇ. ಆದರೆ ಸಾಕ್ಷಿ ಹೇಳುವುದು ಅಷ್ಟನ್ನೇ. ಬದುಕಲು ಬೇಕಾದ ಕನಿಷ್ಠವಿದೆ ಎಂಬುದಕ್ಕೂ ಬದುಕು ಚೆನ್ನಾಗಿದೆ ಎಂಬುದಕ್ಕೂ ನಡುವೆ ಬಹಳ ದೂರವಿದೆ.

ಕ್ರಿಬೆನ್ಸಿಸ್ ಆ ದೂರವನ್ನು ತೋರಿಸುತ್ತದೆ. ಈ ಮೀನು ಗಡಸು ನೀರಿನಲ್ಲೂ ಮೊಟ್ಟೆಯಿಡುತ್ತದೆ, ಮೆದು ನೀರಿನಲ್ಲೂ ಇಡುತ್ತದೆ. ಹೊಸಬರಿಗೆ ಇದನ್ನೇ ಹೇಳುವುದು ಅದಕ್ಕಾಗಿ. ಆದರೆ 1985ರಲ್ಲಿ ರೂಬಿನ್ ಎಂಬ ಸಂಶೋಧಕ ಪ್ರಕಟಿಸಿದ ಪ್ರಯೋಗದಲ್ಲಿ, ನೀರು ಆಮ್ಲೀಯವಾದಷ್ಟೂ ಕ್ರಿಬೆನ್ಸಿಸ್ ಮರಿಗಳಲ್ಲಿ ಗಂಡುಗಳ ಪಾಲು ಏರುವುದು ಕಂಡುಬಂತು. 1996ರಲ್ಲಿ ಜರ್ಮನಿಯ ರೋಮರ್ ಮತ್ತು ಬೈಸೆನ್‌ಹೆರ್ಜ್ 30ಕ್ಕೂ ಹೆಚ್ಚು ಅಪಿಸ್ಟೊಗ್ರಾಮಾ ಪ್ರಭೇದಗಳಲ್ಲಿ ಶಾಖದ ಪ್ರಭಾವವನ್ನು ತೋರಿಸಿದರು: ನೀರು ಬಿಸಿಯಾದಂತೆ ಗಂಡು ಹೆಚ್ಚು. ಅಂದರೆ ತೊಟ್ಟಿಯ ನೀರು ಸಂತಾನಕ್ಕೆ ಒಪ್ಪಿಗೆ ಕೊಟ್ಟು ಸುಮ್ಮನಾಗುವುದಿಲ್ಲ, ಎಂಥ ಸಂತಾನ ಎನ್ನುವುದರಲ್ಲೂ ಕೈಯಾಡಿಸುತ್ತದೆ. ನೂರು ಮರಿಯಲ್ಲಿ ಎಂಬತ್ತೋ ತೊಂಬತ್ತೋ ಗಂಡಾದರೆ, ಆ ಗಂಡುಗಳೆಲ್ಲ ಬೆಳೆದ ಮೇಲೆ ಒಂದೇ ತೊಟ್ಟಿಯಲ್ಲಿ ಏನಾಗುತ್ತದೆಂದು ಊಹಿಸಲು ಕಷ್ಟವಿಲ್ಲ. ಮರಿಗಳನ್ನು ಎಣಿಸಿ ಬೀಗಿದವನ ಲೆಕ್ಕದಲ್ಲಿ ಈ ಸಂಗತಿ ಬರುವುದೇ ಇಲ್ಲ.

ಇನ್ನೂ ಗಟ್ಟಿ ಆಧಾರ ನಮ್ಮ ಕೆರೆಗಳಲ್ಲೇ ಇದೆ. ಜಿಲೇಬಿ ಎಂದು ಮಾರುಕಟ್ಟೆಯಲ್ಲಿ ಸಿಗುವ ಟಿಲಾಪಿಯಾ ಸಹ ಸಿಕ್ಲಿಡ್ಡೇ. ಆಫ್ರಿಕಾದ ಮೊಜಾಂಬಿಕ್ ಟಿಲಾಪಿಯಾವನ್ನು ಭಾರತಕ್ಕೆ ತಂದದ್ದು 1952ರಲ್ಲಿ. ಜಾಗ ಸಾಲದ, ಮೇವು ಸಾಲದ ಕೊಳದಲ್ಲಿ ಈ ಮೀನು ಸಂತಾನ ನಿಲ್ಲಿಸುವುದಿಲ್ಲ. ಮೈ ಬೆಳೆಸುವುದನ್ನು ಬಿಟ್ಟು ಗಿಡ್ಡವಾಗಿರುವಾಗಲೇ ಪ್ರಾಯಕ್ಕೆ ಬಂದು ಮರಿ ಮೇಲೆ ಮರಿ ಮಾಡುತ್ತದೆ. ಕೊಳದ ತುಂಬ ಕೈಬೆರಳುದ್ದದ ಮೀನುಗಳೇ ಆಗುವುದು ಮೀನುಸಾಕಣೆಯವರ ಹಳೆಯ ತಲೆನೋವು. ಇಲ್ಲಿ ಸಂತಾನ ಸುಖದ ಗುರುತಲ್ಲ, ಇಕ್ಕಟ್ಟಿಗೆ ಕೊಟ್ಟ ಉತ್ತರ. ಸಂತಾನವೇ ಅಳತೆಗೋಲಾದರೆ ಅತಿ ಕೆಟ್ಟ ಕೊಳಕ್ಕೆ ಮೊದಲ ಬಹುಮಾನ ಕೊಡಬೇಕಾದೀತು.

ಅಳತೆಗೋಲು ಪೂರ್ತಿ ಮುರಿಯುವುದು ಮಾತ್ರ ಹಲವು ಜಾತಿಯ ಮೀನುಗಳನ್ನು ಒಟ್ಟಿಗೆ ಸಾಕುವ ಕಮ್ಯುನಿಟಿ ಟ್ಯಾಂಕ್‌ನಲ್ಲಿ. ನಿಯಾನ್ ಟೆಟ್ರಾ, ಕೋರಿಡೋರಾಸ್, ಒಂದು ಜೋಡಿ ಅಪಿಸ್ಟೊ, ಒಂದಿಷ್ಟು ಗಿಡ: ಎರಡಡಿ ತೊಟ್ಟಿಯ ಸಾಮಾನ್ಯ ಸಂಸಾರವಿದು. ಮೊಟ್ಟೆಯಿಡುವ ತನಕ ಎಲ್ಲರೂ ಸೌಮ್ಯ. ಇಟ್ಟ ಮೇಲೆ ಹೆಣ್ಣು ಅಪಿಸ್ಟೊ ತನಗಿಂತ ದೊಡ್ಡ ಮೀನಿನ ಮೇಲೂ ನುಗ್ಗುತ್ತದೆ. ಟೆಟ್ರಾಗಳು ಮೇಲಿನ ಮೂಲೆಯಲ್ಲಿ ಗುಂಪಾಗಿ ನಿಲ್ಲುತ್ತವೆ. ಕೋರಿಡೋರಾಸ್‌ನ ಪಾಡು ಇನ್ನೂ ಕಷ್ಟ. ಅದು ತಳ ಕೆದಕಿ ತಿನ್ನುವ ಮೀನು, ಗಡಿಯ ಲೆಕ್ಕ ಅದಕ್ಕೆ ಗೊತ್ತಿಲ್ಲ. ಗದರಿಸಿದರೆ ನಾಲ್ಕು ಬೆರಳು ಸರಿದು ಮತ್ತೆ ಅಲ್ಲಿಗೇ ಬರುತ್ತದೆ, ಮತ್ತೆ ಏಟು ತಿನ್ನುತ್ತದೆ. ಕತ್ತಲಾದ ಮೇಲೆ ಸಿಕ್ಕರೆ ಮೊಟ್ಟೆಯನ್ನೂ ತಿನ್ನುತ್ತದೆ, ಆಗ ಏಟು ಇನ್ನೂ ಹೆಚ್ಚುತ್ತದೆ. ಬಾಣಂತಿಯ ಕೋಣೆಯಲ್ಲಿ ಜಾತ್ರೆ ಕೂಡಿಸಿ, ಬಾಣಂತಿ ಸಿಡುಕುತ್ತಾಳೆಂದು ದೂರಿದ ಹಾಗಾಯಿತು.

ಪ್ರಕೃತಿಯಲ್ಲೂ ಹೀಗೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆರೆಂಜ್ ಕ್ರೊಮೈಡ್ ಮತ್ತು ಕರಿಮೀನು ಒಂದೇ ಹಿನ್ನೀರಿನಲ್ಲಿ ಬದುಕುತ್ತವೆ. ವಾರ್ಡ್ ಮತ್ತು ವೈಮನ್ ಎಂಬ ಸಂಶೋಧಕರು 1970ರ ದಶಕದಲ್ಲಿ ವಿವರಿಸಿದಂತೆ, ಆರೆಂಜ್ ಕ್ರೊಮೈಡ್ ಕರಿಮೀನಿನ ಮೈ ಶುಚಿ ಮಾಡುವ ಗೆಳೆಯನೂ ಹೌದು, ಅದರ ಮೊಟ್ಟೆ ಮರಿಗಳನ್ನು ತಿನ್ನುವ ಕಳ್ಳನೂ ಹೌದು. ಜೊತೆಯಲ್ಲಿ ಬಾಳುವುದೆಂದರೆ ಪ್ರಕೃತಿಯಲ್ಲಿ ಸ್ನೇಹವೇನಲ್ಲ. ಆದರೆ ಹಿನ್ನೀರಿನಲ್ಲಿ ಅಟ್ಟಿಸಿಕೊಂಡ ಮೀನಿಗೆ ಓಡಿಹೋಗಲು ದೂರವಿದೆ. ಜಗಳಕ್ಕೆ ಕೊನೆಯೆಂಬುದು ಇರುವುದು ಆ ದೂರದಿಂದ. ತೊಟ್ಟಿಯಲ್ಲಿ ಸೋತ ಮೀನು ಗೆದ್ದ ಮೀನಿನ ಕಣ್ಣೆದುರಿಗೇ ಇರಬೇಕು, ಹಗಲೂ ರಾತ್ರಿ. ಪ್ರಕೃತಿಯಿಂದ ಜಗಳವನ್ನು ಮಾತ್ರ ತಂದು ದೂರವನ್ನು ಅಲ್ಲೇ ಬಿಟ್ಟು ಬಂದವರು ಪ್ರಕೃತಿಯ ಹೆಸರು ಹೇಳಿ ತಪ್ಪಿಸಿಕೊಳ್ಳಲಾಗದು.

ಸೋತ ಮೀನಿನ ಈ ಪಾಡು ನಮ್ಮ ಕಣ್ಣಿಗೆ ಕಾಣದಿರುವುದಕ್ಕೆ ಕಾರಣ, ತಾಯ್ತಂದೆಯ ದೃಶ್ಯ ಅಷ್ಟು ಬಲವಾಗಿರುವುದು. ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ 1949ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಜ್ಯುವೆಲ್ ಸಿಕ್ಲಿಡ್ ತಂದೆಯೊಂದರ ಪ್ರಸಂಗ ಹೇಳುತ್ತಾರೆ. ಸಂಜೆ ದಾರಿ ತಪ್ಪಿದ ಮರಿಗಳನ್ನು ಬಾಯಲ್ಲಿ ಹಿಡಿದು ಗೂಡಿಗೆ ಸೇರಿಸುವುದು ಅದರ ಕೆಲಸ. ಬಾಯ್ತುಂಬ ಹುಳು ಅಗಿಯುತ್ತಿದ್ದಾಗಲೇ ಒಂಟಿ ಮರಿಯೊಂದು ಕಂಡಿತು. ಅದನ್ನೂ ಬಾಯಿಗೆ ಹಾಕಿಕೊಂಡಿತು. ಒಂದು ಹೊಟ್ಟೆಗೆ, ಇನ್ನೊಂದು ಗೂಡಿಗೆ. ಮೀನು ಸ್ತಬ್ಧವಾಗಿ ನಿಂತು, ಕೊನೆಗೆ ಎರಡನ್ನೂ ಉಗುಳಿ, ಮರಿಯ ಮೇಲೊಂದು ಕಣ್ಣಿಟ್ಟು ಹುಳು ತಿಂದು ಮುಗಿಸಿ, ಮರಿಯನ್ನು ಎತ್ತಿಕೊಂಡು ಹೋಯಿತು. ಇದನ್ನು ಓದಿದ ಮೇಲೆ ಮೀನಿಗೆ ಬುದ್ಧಿಯಿಲ್ಲ ಎನ್ನಲು ನಾಲಗೆ ಏಳದು. ಆದರೆ ಆ ಕಾಳಜಿಯ ವ್ಯಾಪ್ತಿ ತನ್ನ ಮರಿಗಳಷ್ಟೇ. ಮಿಕ್ಕ ಮೀನುಗಳಿಗೆ ಅದೇ ಕಾಳಜಿ ಕಾಟವಾಗಿ ತಲುಪುತ್ತದೆ. ಅವುಗಳ ಚಿಂತೆ ಮಾಡಬೇಕಾದದ್ದು ಗಾಜಿನ ಈಚೆ ಕೂತವರು, ಅವರೋ ಹಳದಿ ತಾಯಿಯ ವಿಡಿಯೊ ತೆಗೆಯುತ್ತಿರುತ್ತಾರೆ.

ಮರಿಗಳ ಮುಂದಿನ ಗತಿಯೂ ಇದೇ ಪ್ರಶ್ನೆಯ ಭಾಗ. ಮೊದಲ ವಾರ ಬ್ರೈನ್ ಶ್ರಿಂಪ್ ಎಂಬ ಪುಟ್ಟ ಸಿಗಡಿಯ ಮೊಟ್ಟೆ ಒಡೆಸಿ ಹಾಕುವ ಉತ್ಸಾಹ ಎಲ್ಲರಿಗೂ ಇರುತ್ತದೆ. ಮೂರನೆಯ ತಿಂಗಳು ಅರ್ಧ ಬೆಳೆದ ಮೀನುಗಳಿಗೆ ಜಾಗ ಹುಡುಕುವ ಹೊತ್ತಿಗೆ ಅದು ಇಳಿದಿರುತ್ತದೆ. ಸಾಕಲಾಗದವರು ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಭಾರತದ ನೀರಿನಲ್ಲಿ ಬೇರೂರಿದ್ದು ಹೀಗೆ ಯಾರೋ ಕೈಚೆಲ್ಲಿದ್ದರಿಂದಲೇ. ವ್ಯಾಪಾರಕ್ಕೆಂದು ಮರಿ ಮಾಡಿಸುವಲ್ಲಿ ತೊಂದರೆ ಬೇರೆ ಬಗೆಯದು. ಬೆನ್ನೆಲುಬು ಮೊಟಕಾಗಿ ಮೈ ಉಂಡೆಯಾದ ‘ಬಲೂನ್ ರಾಮ್’ ಕೂಡ ಮರಿ ಮಾಡುತ್ತದೆ. ಮೊಟ್ಟೆಗಳನ್ನು ಬೇರ್ಪಡಿಸಿ ಯಂತ್ರದ ಗಾಳಿಯಲ್ಲಿ ಒಡೆಸುತ್ತ ತಲೆಮಾರುಗಳನ್ನು ಕಳೆದ ಫಾರ್ಮ್‌ನ ರಾಮ್‌ಗಳು ಮೊಟ್ಟೆ ಕಾಯುವುದಕ್ಕಿಂತ ತಿಂದುಬಿಡುವುದೇ ಹೆಚ್ಚೆಂಬುದು ಹವ್ಯಾಸಿಗಳ ಸಾಮಾನ್ಯ ಅನುಭವ. ಯಾವ ಗುಣಕ್ಕಾಗಿ ಈ ಮೀನನ್ನು ಮೆಚ್ಚಿದೆವೋ ಅದು ಸಂಖ್ಯೆಯ ಹಿಂದೆ ಹೋದಲ್ಲಿ ಸವೆಯುತ್ತಿದೆ.

ತೊಟ್ಟಿಯಲ್ಲಿ ಹುಟ್ಟಿದ ಪ್ರತಿ ಮರಿಯೂ ಹೊಳೆಯ ಒಂದು ಮೀನನ್ನು ಉಳಿಸಿದಂತೆ ಎನ್ನುವ ವಾದವೂ ಉಂಟು. ಹಿಡಿಯುವ ಕಾಟದಿಂದಲೇ ಕ್ಷೀಣಿಸುತ್ತಿರುವ ಜಾತಿಗಳ ಮಟ್ಟಿಗೆ ಅದು ಸರಿ. ಎಲ್ಲ ಕಡೆಗೂ ಅನ್ವಯಿಸುವುದಿಲ್ಲ. ಬ್ರೆಜಿಲ್‌ನ ರಿಯೊ ನೀಗ್ರೋ ತೀರದ ಬಾರ್ಸೆಲೋಸ್‌ನಲ್ಲಿ ಕಾರ್ಡಿನಲ್ ಟೆಟ್ರಾ ಹಿಡಿದು ಮಾರುವುದೇ ಬಹುಕಾಲ ಅನೇಕರ ಜೀವನವಾಗಿತ್ತು. ಮೀನಿಗೆ ಬೆಲೆ ಇರುವ ತನಕ ಅದು ಬದುಕುವ ಕಾಡೂ ಉಳಿದೀತೆಂದು ಅಲ್ಲಿನ ‘ಪ್ರಾಜೆಕ್ಟ್ ಪಿಯಾಬಾ’ ಎಂಬ ಸಂರಕ್ಷಣಾ ಯೋಜನೆ ವಾದಿಸುತ್ತ ಬಂದಿದೆ. ಹೊಳೆಯನ್ನು ಉಳಿಸುತ್ತಿದ್ದೇವೆ ಎನ್ನುವ ಮುನ್ನ ಯಾವ ಹೊಳೆ, ಯಾವ ಮೀನು ಎಂದು ತಿಳಿದಿರಬೇಕು.

ಹಾಗಾದರೆ ಮರಿ ಮಾಡಿಸುವುದೇ ತಪ್ಪೇ? ಅಲ್ಲ. ತಪ್ಪಿರುವುದು ಅದನ್ನು ಪ್ರಮಾಣಪತ್ರವೆಂದು ತಿಳಿಯುವುದರಲ್ಲಿ. ಮೊಟ್ಟೆಯಿಡುವುದು, ಕಾಯುವುದು ಮೀನಿನ ಸಾಮರ್ಥ್ಯ. ಲಕ್ಷಾಂತರ ವರ್ಷಗಳಲ್ಲಿ ಅದು ಗಳಿಸಿಕೊಂಡದ್ದು. ಅದರ ಕೀರ್ತಿಯಲ್ಲಿ ನಮಗೆ ಪಾಲಿಲ್ಲ. ನಮ್ಮ ಪಾಲಿನವು ಬೇರೆ: ನೀರು, ಜಾಗ, ಜೊತೆಗಾರರ ಆಯ್ಕೆ, ಹುಟ್ಟಿದವುಗಳ ಹೊಣೆ. ಒಳ್ಳೆಯ ಸಾಕಣೆಯನ್ನು ಅಳೆಯಬೇಕಾದದ್ದು ಇವುಗಳಿಂದ. ಮೊಟ್ಟೆ ಕಾಯುವ ವಾರದಲ್ಲಿ ತೊಟ್ಟಿಯ ಅತ್ಯಂತ ದುರ್ಬಲ ಮೀನು ಹೊಟ್ಟೆ ತುಂಬ ತಿನ್ನುತ್ತಿದೆಯೇ, ಏಟಿಲ್ಲದೆ ಮಲಗಲು ಅದಕ್ಕೊಂದು ಮೂಲೆ ಇದೆಯೇ ಎಂದು ನೋಡಬೇಕು. ಮರಿಗಳು ಪೂರ್ತಿ ಬೆಳೆದಾಗ ಎಲ್ಲಿರುತ್ತವೆ ಎಂಬುದಕ್ಕೆ ಮೊಟ್ಟೆಯಿಡುವ ಮೊದಲೇ ಉತ್ತರವಿರಬೇಕು.

ಈ ಎರಡಕ್ಕೂ ಹೌದೆನ್ನಬಲ್ಲವನು ತಾನಾಗಿಯೇ ಕೆಲವನ್ನು ಬದಲಾಯಿಸುತ್ತಾನೆ. ಎರಡಡಿ ತೊಟ್ಟಿಯಾದರೆ ಜೋಡಿಗೇ ಬಿಟ್ಟುಕೊಡುತ್ತಾನೆ. ಮೂರಡಿ, ನಾಲ್ಕಡಿಯದಾದರೆ ಕಲ್ಲು, ಬೇರುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆ ಕಾಣದಂತೆ ಜೋಡಿಸಿ, ತಳದ ಮೀನುಗಳನ್ನು ಕೈಬಿಟ್ಟು ನೀರಿನ ಮೇಲ್ಪದರದಲ್ಲೇ ಇರುವ ಪೆನ್ಸಿಲ್ ಮೀನು, ಹ್ಯಾಚೆಟ್ ಮೀನುಗಳನ್ನು ಆರಿಸುತ್ತಾನೆ. ಜಾಗವಿಲ್ಲದ ವರ್ಷ ಮರಿಗಳನ್ನು ಬೇರ್ಪಡಿಸದೆ, ತೊಟ್ಟಿಯ ಇತರ ಮೀನುಗಳು ಅವುಗಳನ್ನು ತಿನ್ನುವುದನ್ನು ಒಪ್ಪಿಕೊಳ್ಳುತ್ತಾನೆ. ಕಾಡಿನ ತೊರೆಯಲ್ಲೂ ನೂರರಲ್ಲಿ ಬಹುಪಾಲಿನ ಗತಿ ಅದೇ. ಅಂಥವನ ಬಳಿ ಹೇಳಿಕೊಳ್ಳಲು ಮರಿಗಳ ಸಂಖ್ಯೆ ಇಲ್ಲದಿರಬಹುದು. ಇಂಥವರನ್ನೂ ಯಶಸ್ವಿ ಸಾಕಣೆದಾರರೆಂದು ಕರೆಯಲು ಕಲಿತ ದಿನ, ಮೃಗಾಲಯದ ಹುಲಿಯ ಬಗ್ಗೆಯೂ ನಾವು ಸರಿಯಾದ ಪ್ರಶ್ನೆ ಕೇಳಲು ಶುರುಮಾಡಿರುತ್ತೇವೆ.